ಬೀಜ ಊದಿದ ಮುದಿ ಹಂದಿ

ಪ್ರಶ್ನೆ: ತಳಿಗೆಂದು ಇಟ್ಟುಕೊಂಡ ನಮ್ಮ ಯಾರ್ಕ್‌ಶೈರ್ ಗಂಡು ಹಂದಿಗೆ ಈಗ 7 ವರ್ಷ. 3 ತಿಂಗಳಿಂದ ಎಡಬೀಜ ಊದುತ್ತಾ ಬಂದಿದೆ. ಜ್ವರವಿಲ್ಲ, ಮೇವು ಬಿಟ್ಟಿಲ್ಲ. ಆದರೆ ಈಚೆಗೆ ಹೆಣ್ಣುಗಳು ಗಬ್ಬ ನಿಲ್ಲುತ್ತಿಲ್ಲ. ಕ್ಯಾನ್ಸರ್ ಇರಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇರಬಹುದು. ಆದರೆ ನನ್ನ ಮೊದಲ ಅನುಮಾನ ಅದಲ್ಲ. ಹಂದಿಗಳಲ್ಲಿ ಬೀಜದ ಗಡ್ಡೆ ಅಪರೂಪ, ಏಕೆಂದರೆ ನಾವು ಅವನ್ನು ಮುದಿಯಾಗಲು ಬಿಡುವುದೇ ಇಲ್ಲ. ಮಾಂಸದ ಗಂಡುಮರಿಗಳಿಗೆ ಎಳವೆಯಲ್ಲೇ ಬೀಜ ತೆಗೆಸುತ್ತೇವೆ, ವರ್ಷ ತುಂಬುವ ಮೊದಲೇ ಕಡಿಯುತ್ತೇವೆ. ತಳಿಯ ಹಂದಿಯೂ ಮೈಭಾರ ಹೆಚ್ಚಿತೆಂದು 3-4 ವರ್ಷಕ್ಕೇ ಮಾರಾಟವಾಗುತ್ತದೆ. ನಿಮ್ಮದು ಅದನ್ನೂ ದಾಟಿದೆ, ಹಾಗಾಗಿ ಗಡ್ಡೆಯನ್ನು ತಳ್ಳಿಹಾಕಲಾಗದು.

ನನಗೆ ಹೆದರಿಕೆ ಹುಟ್ಟಿಸಿದ್ದು ಗಬ್ಬ ನಿಲ್ಲದ ಸಂಗತಿ. ಬ್ರುಸೆಲ್ಲೋಸಿಸ್ ತಗುಲಿದ ಹಂದಿಯ ಬೀಜವೂ ಹೀಗೇ ಊದುತ್ತದೆ, ಹೆಣ್ಣುಗಳಿಗೆ ಗಬ್ಬ ನಿಲ್ಲುವುದಿಲ್ಲ ಅಥವಾ ಕಂದು ಹಾಕುತ್ತವೆ. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಇಂದೇ ಹಂದಿಯನ್ನು ಬೇರೆ ಕಟ್ಟಿ, ಹೆಣ್ಣಿಗೆ ಬಿಡುವುದನ್ನು ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ. ಕಂದು, ಮಾಸುಚೀಲಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ರಕ್ತದಲ್ಲಿ ಏನೂ ಸಿಗದಿದ್ದರೆ ಸ್ಕ್ಯಾನ್ ಮಾಡಿಸಿ. ಕರುಳು ಬೀಜದ ಚೀಲಕ್ಕೆ ಇಳಿದ ಹರ್ನಿಯಾವೋ ಗಡ್ಡೆಯೋ ಅದರಲ್ಲಿ ತಿಳಿಯುತ್ತದೆ. ಗಡ್ಡೆ ಸಾಮಾನ್ಯವಾಗಿ ಗಟ್ಟಿ, ನೋವಿಲ್ಲ, ನಿಧಾನವಾಗಿ ಬೆಳೆಯುತ್ತದೆ. ಊರಿನ ಬೀಜ ತೆಗೆಯುವವರನ್ನು ಮಾತ್ರ ಕರೆಯಬೇಡಿ. ಹರ್ನಿಯಾ ಆಗಿದ್ದರೆ ಕೊಯ್ದ ಜಾಗದಿಂದ ಕರುಳೇ ಹೊರಬರುತ್ತದೆ. ಪಶುವೈದ್ಯರಿಂದಲೇ ತೆಗೆಸಿ, ತೆಗೆದ ಬೀಜವನ್ನು ಅಂಗಾಂಶ ಪರೀಕ್ಷೆಗೆ ಕಳಿಸಿ.

ಪ್ರಶ್ನೆ: ನಮ್ಮ 11 ವರ್ಷದ ಗಂಡು ಲ್ಯಾಬ್ರಡಾರ್‌ನ ಎರಡೂ ಪಕ್ಕೆಯ ಕೂದಲು ಉದುರಿದೆ, ಮೊಲೆತೊಟ್ಟು ದಪ್ಪಗಾಗಿವೆ. ಬೀದಿಯ ಗಂಡುನಾಯಿಗಳು ಅದರ ಬೆನ್ನು ಹತ್ತುತ್ತವೆ! ಮರಿಯಿಂದಲೂ ಅದಕ್ಕೆ ಕಾಣುವುದು ಒಂದೇ ಬೀಜ.
– ಓದುಗರೊಬ್ಬರು, ಮೈಸೂರು

ಉತ್ತರ: ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಇನ್ನೊಂದು ಬೀಜ ಹೊಟ್ಟೆಯೊಳಗೇ ಉಳಿದಿದೆ. ಚೀಲಕ್ಕಿಂತ ಹೊಟ್ಟೆಯ ಬಿಸಿ ಹೆಚ್ಚು. ಹಾಗೆ ಉಳಿದ ಬೀಜದಲ್ಲಿ ಗಡ್ಡೆಯಾಗುವ ಸಂಭವವೂ ಬಹಳ ಹೆಚ್ಚು. ನಿಮ್ಮ ನಾಯಿಗೆ ಆಗಿರುವುದು ಸೆರ್ಟೋಲಿ ಕೋಶದ ಗಡ್ಡೆ ಎಂಬಂತೆ ಕಾಣುತ್ತದೆ. ಅದು ಈಸ್ಟ್ರೋಜನ್ ಸುರಿಸುತ್ತದೆ, ಗಂಡುನಾಯಿ ಹೆಣ್ಣಿನ ಲಕ್ಷಣ ತೋರುತ್ತದೆ. ನೋಡಿದವರು ನಕ್ಕಾರು, ಆದರೆ ಇದೇ ಹಾರ್ಮೋನು ಮೂಳೆಮಜ್ಜೆಯನ್ನು ಸೊರಗಿಸಿ ರಕ್ತಹೀನತೆ, ರಕ್ತಸ್ರಾವ ತರಬಲ್ಲದು. ಆದ್ದರಿಂದ ಆಪರೇಷನ್‌ಗೆ ಮೊದಲು ರಕ್ತಕಣಗಳ ಎಣಿಕೆ ತಪ್ಪಿಸಬೇಡಿ. ಈ ಗಡ್ಡೆ ಬೇರೆಡೆಗೆ ಹರಡುವುದು ಕಡಿಮೆ. ಮಜ್ಜೆ ಕೆಡುವ ಮುನ್ನ ಎರಡೂ ಬೀಜ ತೆಗೆಸಿದರೆ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ. ಬೀಜ ಕೆಳಗಿಳಿಯದ ಈ ದೋಷ ವಂಶದಲ್ಲಿ ಬರುವಂಥದ್ದು, ಇಂಥ ನಾಯಿಯಿಂದ ಮರಿ ಮಾಡಿಸಬಾರದು.

ಪ್ರಶ್ನೆ: ಹೋರಿ, ಕುದುರೆಗಳಿಗೂ ಬೀಜದ ಗಡ್ಡೆ ಬರುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬರುತ್ತದೆ. ಮುದಿ ಹೋರಿಗಳಲ್ಲಿ ಸಣ್ಣ ಗಡ್ಡೆಗಳು ಇದ್ದೂ ಯಾರಿಗೂ ಗೊತ್ತಾಗದೆ ಹೋಗುವುದುಂಟು. ಕುದುರೆಯದು ಬೇರೆ ಕಥೆ. ಬೀಜ ಕೆಳಗಿಳಿಯದ ಎಳೆಯ ಗಂಡುಕುದುರೆಗಳಲ್ಲಿ ಟೆರಟೋಮ ಎಂಬ ಗಡ್ಡೆ ಕಾಣಿಸುತ್ತದೆ. ಕೊಯ್ದು ನೋಡಿದರೆ ಒಳಗೆ ಕೂದಲು, ಮೂಳೆ, ಕೆಲವೊಮ್ಮೆ ಹಲ್ಲು ಕೂಡ.