ನೆರಳಿನ ತೋಟದಲ್ಲಿ ಬನಕಕಡಿ

ಕಾಶ್ಮೀರದಿಂದ ಸಿಕ್ಕಿಮಿನವರೆಗಿನ ಹಿಮಾಲಯದ ಇಳಿಜಾರುಗಳಲ್ಲಿ, ಸುಮಾರು 2,000ದಿಂದ 4,000 ಮೀಟರ್ ಎತ್ತರದಲ್ಲಿ, ಹಿಮ ಕರಗಿ ವಸಂತವು ಕಾಲಿಡುತ್ತಿರುವಾಗ, ಮರಗಳ ನೆರಳಿನಲ್ಲಿ ಕೊಳೆತ ತರಗೆಲೆಯ ಹೊದಿಕೆಯನ್ನು ಭೇದಿಸಿಕೊಂಡು, ಮಡಿಸಿಟ್ಟ ಕೊಡೆಯಂತೆ ಮೇಲೇಳುವ ಸಸ್ಯವೊಂದುಂಟು. ಎಲೆಗಳು ಬಿಚ್ಚಿಕೊಳ್ಳುವ ಮುನ್ನವೇ ಅದು ಆರು ದಳಗಳ, ಬಿಳಿಯ ಅಥವಾ ನಸುಗೆಂಪಿನ ಒಂಟಿ ಹೂವನ್ನು ಅರಳಿಸುವುದು. ಮುಂದೆ ಕೆಂಪಾಗಿ ಮಾಗುವ ಹಣ್ಣಿನಿಂದಾಗಿ ಅದಕ್ಕೆ ಬನಕಕಡಿ, ಎಂದರೆ ಕಾಡುಸೌತೆ, ಎಂಬ ಹೆಸರು.

ಮಾಗಿದ ಹಣ್ಣಿನ ತಿರುಳೊಂದನ್ನುಳಿದು ಈ ಗಿಡ ವಿಷಮಯವೆಂದೇ ತಿಳಿಯತಕ್ಕದ್ದು. ಅದರ ಬೇರುಗೆಡ್ಡೆಯಲ್ಲಿ, ಅಮೆರಿಕದ ಸೋದರಸಸ್ಯದಲ್ಲಿರುವುದಕ್ಕಿಂತಲೂ ಅಧಿಕವಾಗಿ ಅಡಗಿರುವ ಪೊಡೊಫಿಲೋಟಾಕ್ಸಿನ್ ಎಂಬ ದ್ರವ್ಯವು ಜೀವಕೋಶಗಳ ವಿಭಜನೆಯನ್ನೇ ತಡೆಯಬಲ್ಲುದು. ಇದರಿಂದಲೇ ರೂಪಿಸಿದ ಎಟೊಪೊಸೈಡ್ ಶ್ವಾಸಕೋಶ ಮೊದಲಾದ ಅಂಗಗಳ ಅರ್ಬುದರೋಗಕ್ಕೆ ಔಷಧಿಯಾಗಿದೆ. ಆದರೆ ಗೆಡ್ಡೆಯನ್ನು ಅಗೆದರೆ ಗಿಡವೇ ಹೋಯಿತು. ಹೀಗೆ ಅಗೆದಗೆದು ಕಾಡು ಬರಿದಾಗುತ್ತ ಬಂದುದರಿಂದ, 1990ರಲ್ಲಿ ಇದನ್ನು ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ಆದಕಾರಣ ಇದರ ಬೇಸಾಯವನ್ನು ಕೇವಲ ಲಾಭದ ಮಾರ್ಗವೆಂದಲ್ಲ, ಆ ಪರ್ವತಗಳ ಕೃಷಿಕರು ತಮ್ಮ ಕಾಡಿಗೆ ಸಲ್ಲಿಸಬಹುದಾದ ಸೇವೆಯೆಂದೇ ನಾನು ಭಾವಿಸುತ್ತೇನೆ.

ನೀರು ನಿಲ್ಲದ, ಆದರೆ ತೇವವಾರದ, ಎಲೆಗೊಬ್ಬರದಿಂದ ಸಡಿಲವಾದ ಮಣ್ಣು ಇದಕ್ಕೆ ಪ್ರಿಯ. ಉತ್ತರಕ್ಕೆ ಮುಖಮಾಡಿದ ಇಳಿಜಾರೋ, ಹಣ್ಣಿನ ಮರಗಳ ಚದುರಿದ ನೆರಳೋ ಒದಗಿದರೆ ಒಳಿತು. ಬೀಜದ ವಿಷಯದಲ್ಲಿ ಮಾತ್ರ ಅಪಾರ ತಾಳ್ಮೆ ಬೇಕು. ಮಾಗಿದ ಹಣ್ಣಿನ ತಿರುಳನ್ನು ತೊಳೆದು, ಬೀಜ ಒಣಗಲು ಬಿಡದೆ, ಶರತ್ಕಾಲದಲ್ಲಿಯೇ ಸಸಿಮಡಿಯಲ್ಲಿ ಬಿತ್ತಿ ಚಳಿಗಾಲವೆಲ್ಲ ಹಿಮದಡಿಯಲ್ಲಿ ಮಲಗಗೊಡಬೇಕು. ಮೊದಲ ವರ್ಷ ಕಾಣುವುದು ಬೀಜದಳಗಳು ಮಾತ್ರ; ನಿಜವಾದ ಎಲೆ ಸಾಮಾನ್ಯವಾಗಿ ಮರುವರ್ಷದ್ದು; ಹೂವಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಮೊಳೆಯದ ಬೀಜ ಸತ್ತಿತೆಂದು ಬಗೆದು ಮಡಿಯನ್ನು ಕೆದಕಿಬಿಡುವುದು ದೊಡ್ಡ ತಪ್ಪು, ಏಕೆಂದರೆ ಅವುಗಳಲ್ಲಿ ಕೆಲವು ಎರಡನೆಯ ವಸಂತದಲ್ಲಿ ಮೇಲೇಳುವುವು. ಬೇಗನೆ ಫಲ ಬಯಸುವವರು ಮೊಗ್ಗುಳ್ಳ ಗೆಡ್ಡೆಯ ತುಂಡುಗಳನ್ನು ನೆಡಬಹುದು.

ಕೊಡಗಿನ ಕಾಫಿ ತೋಟದ ನೆರಳು ಎಷ್ಟೇ ತಂಪಾಗಿರಲಿ, ಈ ಬೀಜ ಬೇಡುವ ದೀರ್ಘ ಶೀತನಿದ್ರೆ ಅಲ್ಲಿ ದೊರೆಯದು. ವಿಷದ ಗೆಡ್ಡೆಯಿಂದ ಮದ್ದು ಪಡೆಯಬಯಸುವ ನಮ್ಮ ನಾಡಿನ ರೈತರಿಗೆ ಅಗ್ನಿಶಿಖೆಯೆಂಬ ಬಳ್ಳಿಯೇ ಯೋಗ್ಯವಾದುದು.

ಬನಕಕಡಿಯ ಗೆಡ್ಡೆಯನ್ನು ಮುಟ್ಟುವಾಗ ಕೈಗವಸು, ಒಣಗಿದುದನ್ನು ಪುಡಿಮಾಡುವಾಗ ಕಣ್ಣು ಮೂಗುಗಳಿಗೆ ರಕ್ಷಣೆ ಅತ್ಯವಶ್ಯ. ಗರ್ಭಿಣಿಯರು ಈ ಕೆಲಸಕ್ಕೆ ಕೈ ಹಾಕಲೇಕೂಡದು. ಮನೆಮದ್ದಾಗಿ ಇದನ್ನು ಸೇವಿಸುವುದು ಪ್ರಾಣಕ್ಕೇ ಅಪಾಯ. ಮಾರುವ ಮುನ್ನ ಬೆಳೆಯು ತನ್ನ ಹೊಲದ್ದೆಂಬ ದಾಖಲೆಯನ್ನು ಅರಣ್ಯ ಇಲಾಖೆಯಿಂದ ಪಡೆಯುವ ಬಗೆಯನ್ನು ವಿಚಾರಿಸಿಕೊಳ್ಳಬೇಕು. ಎಲೆ ಬಾಡಿದ ಮೇಲೆ ಅಗೆಯುವಾಗ, ಪ್ರತಿ ಗೆಡ್ಡೆಯಿಂದಲೂ ಮೊಗ್ಗಿರುವ ಒಂದು ತುಂಡನ್ನು ಕತ್ತರಿಸಿ ಅದೇ ಗುಣಿಯಲ್ಲಿ ಹೂತು, ಹಿಮ ಬೀಳುವುದರೊಳಗಾಗಿ ತರಗೆಲೆ ಮುಚ್ಚಿಡತಕ್ಕದ್ದು.