ಮನೆಯವರಿಂದ ಕೇಳಿ ಪಡೆದ ತಾಸು

ದೀಪಾವಳಿ ಮುಗಿದ ಮೇಲೆ ಶಹಾಪುರ, ಸುರಪುರ ಸೀಮೆಯ ಹೈಸ್ಕೂಲುಗಳಲ್ಲಿ ಬೆಂಚುಗಳು ಖಾಲಿಯಾಗತೊಡಗುತ್ತವೆ. ಹೊಲದಲ್ಲಿ ಹತ್ತಿ ಒಡೆದಿರುತ್ತದೆ. ಬಿಡಿಸಿದ ಹತ್ತಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ಮನೆಯಲ್ಲಿರುವ ಕೈಗಳೆಲ್ಲ ಹೊಲಕ್ಕೆ ಹೋಗುತ್ತವೆ. ಒಂಬತ್ತನೆಯ ತರಗತಿಯ ಹುಡುಗಿಯ ಬೆರಳು ಅವರವ್ವನ ಬೆರಳಿಗಿಂತ ಚುರುಕು. ನಾಲ್ಕಾರು ದಿನ ಬಿಟ್ಟು ಬಂದವಳನ್ನು ಕೇಳಿದರೆ, "ಹತ್ತಿ ಬಿಡಸ್ಲಾಕ ಹೋಗಿದ್ದೆ ರೀ ಸರ್" ಅನ್ನುತ್ತಾಳೆ, ಜ್ವರ ಬಂದಿತ್ತು ಅಂದಷ್ಟೇ ಸಹಜವಾಗಿ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ನಮ್ಮ ಯಾದಗಿರಿ ಶೇ 50.59ರೊಂದಿಗೆ ಕೊನೆ. ಇಂಥ ಫಲಿತಾಂಶ ಬಂದಾಗಲೆಲ್ಲ ಸಲಹೆಗಳು ಬರುತ್ತವೆ. ಮಕ್ಕಳಿಗೆ ಸಮಯದ ಬೆಲೆ ಗೊತ್ತಿಲ್ಲ, ಬೆಳಿಗ್ಗೆ ಐದಕ್ಕೆ ಏಳಬೇಕು, ಗೋಡೆಗೆ ವೇಳಾಪಟ್ಟಿ ಅಂಟಿಸಬೇಕು ಎನ್ನುತ್ತಾರೆ. ಈ ಭಾಗದಲ್ಲಿ ಹೈಸ್ಕೂಲು ಮಾಸ್ತರಿಕೆ ಮಾಡುತ್ತಾ ನಾನು ಕಂಡುಕೊಂಡದ್ದು ಬೇರೆ. ವೇಳಾಪಟ್ಟಿ ಬರೆಯುವವನಿಗೆ ಮೊದಲು ವೇಳೆ ಕೈಯಲ್ಲಿರಬೇಕು. ನಮ್ಮ ಮಕ್ಕಳ ದಿನವನ್ನು ಮನೆ, ಹೊಲ, ಬಸ್ಸು, ನಳಕ್ಕೆ ನೀರು ಬರುವ ಹೊತ್ತು ಮೊದಲೇ ಹಂಚಿಕೊಂಡು ಬಿಟ್ಟಿರುತ್ತವೆ. ಮನೆಯವರಿಂದ ಒಂದು ತಾಸನ್ನು ಕೇಳಿ ಪಡೆಯುವುದೇ ಮೊದಲ ಕೆಲಸ. ಓದಿನ ಉಪಾಯಗಳೆಲ್ಲ ಆಮೇಲಿನ ಮಾತು.

ಇದು ಗೊತ್ತಾದದ್ದು ಮಕ್ಕಳಿಂದಲೇ. ಪ್ರತಿ ವರ್ಷ ಜೂನ್ ಕೊನೆಯಲ್ಲಿ ಹತ್ತನೆಯ ತರಗತಿಯವರಿಗೆ ಒಂದು ಹಾಳೆ ಕೊಟ್ಟು, ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡಿದಿರಿ, ತಾಸಿಗೊಂದರಂತೆ ಬರೆಯಿರಿ ಅನ್ನುತ್ತೇನೆ. ಅದಕ್ಕೆ ಅಂಕ ಇಲ್ಲ, ಬೈಗುಳವೂ ಇಲ್ಲ. ಹುಡುಗಿಯರ ಹಾಳೆ ಅಂಚಿನವರೆಗೂ ತುಂಬಿರುತ್ತದೆ. ಕಸ ಹೊಡೆದದ್ದು, ನೀರು ಹಿಡಿದದ್ದು, ತಮ್ಮನಿಗೆ ಸ್ನಾನ ಮಾಡಿಸಿದ್ದು, ರೊಟ್ಟಿ ಬಡಿದದ್ದು, ಬಸ್ಸು, ಸಾಲಿ, ಮತ್ತೆ ಬಸ್ಸು, ಭಾಂಡೆ ತಿಕ್ಕಿದ್ದು, ಮತ್ತೆ ರೊಟ್ಟಿ. ಪುಸ್ತಕ ಹಿಡಿಯುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಹಿಡಿದ ಹತ್ತು ನಿಮಿಷಕ್ಕೆ ಕಣ್ಣು ಎಳೆಯುತ್ತವೆ. ಹುಡುಗರ ಹಾಳೆಯಲ್ಲಿ ಎಮ್ಮೆ, ಹೊಲ, ಕಿರಾಣಿ ಅಂಗಡಿ ಇರುತ್ತವೆ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಕೊಟ್ಟ ವಾರದಲ್ಲಿ ಅಪ್ಪನ ಜೊತೆ ನೀರು ಹಾಯಿಸಿದ್ದೂ ಇರುತ್ತದೆ. ಆದರೆ ಸಂಜೆಯ ಹೊತ್ತಿಗೆ ಹುಡುಗರಿಗೆ ಒಂದೂವರೆ ಎರಡು ತಾಸು ಕಟ್ಟೆಯ ಮೇಲಿನ ಬಿಡುವು ಸಿಕ್ಕೇ ಸಿಗುತ್ತದೆ. ಈ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೋಮಾರಿತನದ ಮಾತು ಆಡಲು ಬಾಯಿ ಬರುವುದಿಲ್ಲ. ಹುಡುಗನಿಗೆ ಇರುವ ಬಿಡುವನ್ನು ಬಳಸಲು ಕಲಿಸಬೇಕು. ಹುಡುಗಿಗೆ ಬಿಡುವನ್ನೇ ಕೊಡಿಸಬೇಕು. ಇವೆರಡೂ ಬೇರೆ ಬೇರೆ ಕೆಲಸಗಳು. ಒಂದೇ ಭಾಷಣದಲ್ಲಿ ಇಬ್ಬರಿಗೂ ಹೇಳಿದರೆ ಇಬ್ಬರಿಗೂ ಉಪಯೋಗವಿಲ್ಲ.

ಹಾಗಾಗಿ ಮನೆಗೇ ಹೋಗಬೇಕಾಗುತ್ತದೆ. "ಮಗಳಿಗೆ ಓದಲು ಬಿಡಿ" ಎಂದು ಸುಮ್ಮನೆ ಕೇಳಿದರೆ ಏನೂ ಆಗುವುದಿಲ್ಲ. "ಓದ್ಲಿ ಬಿಡ್ರಿ ಸರ್, ನಾವೇನ್ ಬ್ಯಾಡ ಅಂತೀವೇನ್ರಿ?" ಎಂದು ಅವ್ವ ಅನ್ನುತ್ತಾಳೆ, ಮನಸಾರೆ ಅನ್ನುತ್ತಾಳೆ. ಆದರೆ ಸಂಜೆ ಭಾಂಡೆ ಅಲ್ಲೇ ಬಿದ್ದಿರುತ್ತವೆ. ಹೊಲದಿಂದ ಸೊಂಟ ಮುರಿದುಕೊಂಡು ಬಂದ ಆಕೆಗೆ ಮಗಳನ್ನು ಕರೆಯದೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ನಾನು ಗಡಿಯಾರ ಹಿಡಿದು ಕೇಳುತ್ತೇನೆ. ಸಂಜೆ ಏಳರಿಂದ ಎಂಟು. ಆ ಒಂದು ತಾಸಿನಲ್ಲಿ ಮಗಳು ಮಾಡುತ್ತಿದ್ದ ಕೆಲಸ ಯಾವುದು? ಅದನ್ನು ಯಾರು ಮಾಡುತ್ತಾರೆ? ಹೆಚ್ಚಿನ ಮನೆಗಳಲ್ಲಿ ಉತ್ತರ ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತದೆ, ಆಕೆಯ ಅಣ್ಣನ ರೂಪದಲ್ಲಿ. "ಹುಡುಗ ಭಾಂಡೆ ತಿಕ್ಕತಾನೇನ್ರಿ" ಎಂದು ಅಜ್ಜಿ ನಕ್ಕರೂ, ನೀರು ತರುವುದು, ತಮ್ಮನನ್ನು ಆಡಿಸುವುದು, ಅಂಗಡಿಗೆ ಹೋಗಿ ಬರುವುದಕ್ಕೆ ಒಪ್ಪುತ್ತಾರೆ. ಅಷ್ಟಾದರೆ ಆ ತಾಸು ಬಿಡುವಾಗುತ್ತದೆ. ದಿನಕ್ಕೆ ನಾಲ್ಕು ತಾಸು ಓದಿಸಿ ಎಂದು ಕೇಳಿದರೆ ಯಾವ ಮನೆಯೂ ಕೊಡಲಾರದು. ಒಂದು ತಾಸಿಗೆ ಬೇಡ ಅಂದ ಮನೆಗಳು ಬಲು ಕಡಿಮೆ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಇಡೀ ರಾಜ್ಯದಲ್ಲೇ ಕಡಿಮೆ. ನಮ್ಮ ಮಕ್ಕಳಲ್ಲಿ ಬಹಳ ಜನರ ಅವ್ವಂದಿರು ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಅವರು ಮಕ್ಕಳ ಓದಿಗೆ ಹೇಗೆ ನೆರವಾದಾರು ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ ಅವ್ವನಷ್ಟು ನೆರವಾಗಬಲ್ಲವರು ಯಾರೂ ಇಲ್ಲ. ತಾಸು ಮುಗಿದ ಮೇಲೆ ಆಕೆ ಒಂದೇ ಒಂದು ಮಾತು ಕೇಳಬೇಕು: "ಇವತ್ತು ಏನ್ ಓದ್ದಿ, ಪುಸ್ತಕ ಮುಚ್ಚಿ ನನಗ ಹೇಳು." ರೊಟ್ಟಿ ಬಡಿಯುತ್ತಲೇ ಕೇಳಬಹುದು. ಮಗಳು ದ್ಯುತಿಸಂಶ್ಲೇಷಣೆಯನ್ನು ಅವ್ವನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲು ಹೊರಟಾಗ, ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಆಕೆಗೇ ತಿಳಿಯುತ್ತದೆ. ತಡವರಿಸಿದ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಂಡು ಮರುದಿನ ಸಾಲಿಗೆ ಬಂದು ಕೇಳುತ್ತಾಳೆ. ಮಕ್ಕಳಿಂದ ಪ್ರಶ್ನೆ ಬರುವುದಿಲ್ಲ ಎಂದು ನಾವು ಮಾಸ್ತರುಗಳು ಕೊರಗುತ್ತೇವಲ್ಲ, ಆ ಪ್ರಶ್ನೆಗಳು ಹುಟ್ಟುವುದು ಇಂಥ ಒಲೆಯ ಮುಂದೆ.

ಹೀಗೆ ಪುಸ್ತಕ ಮುಚ್ಚಿ ಹೇಳಿಸುವುದರ ಹಿಂದೆ ಗಟ್ಟಿ ಶಾಸ್ತ್ರವೂ ಇದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಆಮೇಲೆ ಪಾಠ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು, ಶೇ 81ಕ್ಕೆ ಶೇ 75. ಒಂದು ವಾರ ಕಳೆದು ಕೇಳಿದಾಗ ಲೆಕ್ಕ ತಿರುಗಿತ್ತು: ಎರಡು ಸಲ ಓದಿದವರಿಗೆ ಶೇ 42ರಷ್ಟು, ನೆನಪಿನಿಂದ ಬರೆದವರಿಗೆ ಶೇ 56ರಷ್ಟು ಉಳಿದಿತ್ತು. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ, ತಿಂಗಳುಗಳ ನಂತರ ಬರುತ್ತದೆ. ಅದೇ ಪುಟವನ್ನು ರಾಗವಾಗಿ ಮತ್ತೆ ಮತ್ತೆ ಓದುವ ಹುಡುಗನಿಗೆ ತನಗೆ ಬರುತ್ತದೆ ಅನ್ನಿಸುತ್ತಿರುತ್ತದೆ. ಪುಸ್ತಕ ಮುಚ್ಚಿಸಿದರೆ ಗೊತ್ತಾಗುತ್ತದೆ. ತಾಸು ಒಂದೇ ಇದ್ದಾಗ ಈ ವ್ಯತ್ಯಾಸ ಬಹಳ ದೊಡ್ಡದು. ದಿನವಿಡೀ ಓದಬಲ್ಲ ಮಗು ಹೇಗೆ ಓದಿದರೂ ನಡೆದೀತು. ನಮ್ಮವರಿಗೆ ಅಷ್ಟು ಪುರಸೊತ್ತಿಲ್ಲ.

ಆದ್ದರಿಂದ ಆ ತಾಸನ್ನು ಮಕ್ಕಳಿಗೆ ಹೀಗೆ ಒಡೆದು ಕೊಟ್ಟಿದ್ದೇನೆ. ಅರ್ಧ ತಾಸು ಇವತ್ತಿನ ಪಾಠ. ಹದಿನೈದು ನಿಮಿಷ ಪುಸ್ತಕ ಮುಚ್ಚಿ ನೆನಪಾದಷ್ಟು ಬರೆಯುವುದು. ಉಳಿದದ್ದು ಹೋದ ವಾರದ ಯಾವುದಾದರೂ ಒಂದು ಲೆಕ್ಕ, ಉತ್ತರ ನೋಡದೆ. ಹೋದ ವಾರದ್ದನ್ನು ಮುಟ್ಟುವುದಕ್ಕೆ ಮಕ್ಕಳಿಗೆ ಬೇಸರ, ಮುಗಿದ ಪಾಠವನ್ನು ಮತ್ತೆ ಯಾಕೆ ಅನ್ನುತ್ತಾರೆ. ಅಲ್ಲಿ ಸ್ವಲ್ಪ ಹಟ ಹಿಡಿಯಬೇಕಾಗುತ್ತದೆ.

ಯಾವ ಹೊತ್ತಿನ ತಾಸು ಎಂಬುದಕ್ಕೆ ಒಂದೇ ನಿಯಮ ಇಲ್ಲ. ಚಳಿಗಾಲದಲ್ಲಿ ಸಂಜೆ ಚೆನ್ನ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆಯ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ತಗಡಿನ ಮನೆಯೊಳಗೆ ರಾತ್ರಿ ಹತ್ತರ ತನಕ ಸೆಕೆ ಆರುವುದಿಲ್ಲ. ಆಗ ನಸುಕಿನ ಐದರ ತಾಸೇ ಸರಿ. ಐದಕ್ಕೆ ಏಳುವವರು ಒಂಬತ್ತೂವರೆಗೆ ಮಲಗಲೇಬೇಕು. ನಿದ್ದೆ ಕೊಂದು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ ಬಂದಾಗ ಪುಸ್ತಕ ಹಿಡಿ ಅನ್ನುವುದಿಲ್ಲ, ಆ ದಿನಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕುತ್ತೇವೆ. ಹತ್ತಿಯ ದಿನಗಳಿಗೂ ಹಾಗೆಯೇ ಮಾಡಬೇಕು ಎಂದು ಆಮೇಲೆ ಹೊಳೆಯಿತು. ನವೆಂಬರ್‌ನಿಂದ ಜನವರಿಯ ತನಕ ಕಠಿಣ ಅಧ್ಯಾಯ ಹಿಡಿಯದೆ, ಆಗಸ್ಟ್ ಸೆಪ್ಟೆಂಬರಿನಲ್ಲೇ ಗಣಿತದ ಗಟ್ಟಿ ಅಧ್ಯಾಯಗಳನ್ನು ಮುಗಿಸಿದರೆ, ಹೊಲಕ್ಕೆ ಹೋದ ಮಗು ಕಳೆದುಕೊಳ್ಳುವುದು ಕಡಿಮೆ. ಹೊಲಕ್ಕೆ ಕಳಿಸಬೇಡಿ ಎಂದು ಹೇಳುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮಕ್ಕಳ ಜಾಗ ತರಗತಿಯೇ. ಆದರೆ ನನ್ನ ಮಾತು ಗೆಲ್ಲುವ ತನಕ ಮಗು ಪಾಠದಲ್ಲಿ ಹಿಂದೆ ಬೀಳಬಾರದಲ್ಲ.

ಬಸ್ಸಿನ ಹೊತ್ತನ್ನು ಮಕ್ಕಳೇ ಕಂಡುಹಿಡಿದುಕೊಂಡರು. ಹುಣಸಗಿ, ಕೆಂಭಾವಿ ಕಡೆಯ ಹಳ್ಳಿಗಳಿಂದ ಬರುವವರಿಗೆ ದಿನಕ್ಕೆ ಒಂದು ತಾಸಿಗೂ ಮಿಗಿಲಾಗಿ ಬಸ್ಸು ಮತ್ತು ಬಸ್‌ಸ್ಟ್ಯಾಂಡಿನಲ್ಲೇ ಹೋಗುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು, ಆದರೆ ಕೂರಲು ಜಾಗ ಸಿಗದು. ನಿಂತುಕೊಂಡು ಬರೆಯಲಾಗದು, ಓದಲೂ ಆಗದು. ಕೇಳಬಹುದು, ಹೇಳಬಹುದು. ಇಬ್ಬರು ಗೆಳತಿಯರು ಸಮಾಜ ವಿಜ್ಞಾನದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಊರು ಬರುವ ತನಕ ಒಬ್ಬಳು ಕೇಳುವುದು, ಇನ್ನೊಬ್ಬಳು ಹೇಳುವುದು. ಈಗ ಅದು ಕೆಳಗಿನ ತರಗತಿಗಳಿಗೂ ಹಬ್ಬಿದೆ.

ಮೊಬೈಲಿನ ಬಗ್ಗೆ ಬಹಳ ಹೇಳುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಇರುವುದು ಅಪ್ಪನ ಒಂದೇ ಫೋನು, ರಾತ್ರಿ ಅದು ಮಗನ ಕೈಗೆ ಬಂದರೆ ರೀಲ್ಸಿಗೆ ಕೊನೆಯಿಲ್ಲ. ಆ ಒಂದು ತಾಸು ಫೋನು ಅಪ್ಪನ ಕಿಸೆಯಲ್ಲೇ ಇರಲಿ ಎಂದಷ್ಟೇ ಕೇಳುತ್ತೇನೆ.

ಇನ್ನು ಓದುವ ಹುಮ್ಮಸ್ಸಿನ ವಿಷಯ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಹದಿನೈದನೆಯ ವಯಸ್ಸಿಗೆ, 1824ರಲ್ಲಿ, ಹಿಂದುಸ್ತಾನಕ್ಕೆ ಬಂದವನು. ಕೆಲಸ ಮಾಡುತ್ತಲೇ ಭಾಷೆ, ಭೂಮಾಪನ, ಕಾನೂನುಗಳನ್ನು ತಾನೇ ಓದಿ ಕಲಿತವನು. ಮಕ್ಕಳಿಗೆ ಈ ಕತೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಆದರೆ ಮರುದಿನ ಪುಸ್ತಕ ತೆರೆಸುವ ಶಕ್ತಿ ದೂರದ ದೊಡ್ಡವರ ಕತೆಗೆ ಇಲ್ಲ. ಅದು ಇರುವುದು ಕಣ್ಣಿಗೆ ಕಾಣುವ, ಬಸ್ಸು ಹತ್ತಿ ಮುಟ್ಟಬಹುದಾದ ಜಾಗಕ್ಕೆ. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದೆ. ಅದರ ಮುಂದೆಯೇ ನಿತ್ಯ ಓಡಾಡುವ ಮಕ್ಕಳಿಗೆ, ಅಲ್ಲಿ ತಾವೂ ಓದಬಹುದು ಎಂಬುದು ಗೊತ್ತಿರುವುದಿಲ್ಲ. ಕೃಷಿ ಪದವಿಗೆ ಕೃಷಿಕರ ಮಕ್ಕಳಿಗಾಗಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೀಜ, ಕಾಳು, ಗಿಡಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ ಎಂದು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ನೆಟ್ಟಗೆ ಕೂತ. ತೊಗರಿ, ಹತ್ತಿ, ಮೆಣಸಿನಕಾಯಿಯ ಬಗ್ಗೆ ಅವನಿಗೆ ನನಗಿಂತ ಹೆಚ್ಚು ಗೊತ್ತು. ಹೊಲದಲ್ಲಿ ಕಳೆದ ಹೊತ್ತು ಒಂದು ಪರೀಕ್ಷೆಯಲ್ಲಿ ಎಣಿಕೆಗೆ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪಿಯುಸಿಗೆ ವಿಜ್ಞಾನ ಹಿಡಿಯಬೇಕು, ಅದಕ್ಕೆ ಹತ್ತನೆಯ ತರಗತಿಯ ಗಣಿತ ಗಟ್ಟಿಯಾಗಬೇಕು ಎಂಬ ದಾರಿ ಕಂಡ ಮೇಲೆ ಅವನನ್ನು ಓದು ಎಂದು ಒತ್ತಾಯಿಸುವ ಪ್ರಮೇಯ ಬರಲಿಲ್ಲ.

ಅದಕ್ಕೇ ಸಂವಿಧಾನದ 371(ಜೆ) ವಿಧಿಯನ್ನು ಹೈಸ್ಕೂಲಿನಲ್ಲೇ ಬಿಡಿಸಿ ಹೇಳುತ್ತೇನೆ. 2013ರಿಂದ ನಮ್ಮ ಭಾಗದ ಕಾಲೇಜುಗಳ ವೃತ್ತಿಪರ ಕೋರ್ಸುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೇ ಮೀಸಲು, ರಾಜ್ಯದ ಬೇರೆ ಕಡೆ ಶೇ 8. 2022ರಲ್ಲಿ ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ನಿಮ್ಮ ಹೆಸರಿಗೆ ಇಷ್ಟು ಸೀಟು ಕಾದಿವೆ ಎಂಬ ಮಾತು ಯಾವ ಸುಭಾಷಿತಕ್ಕಿಂತಲೂ ಹೆಚ್ಚು ಕೆಲಸ ಮಾಡುವುದನ್ನು ನೋಡಿದ್ದೇನೆ.

ಕೊನೆಯದಾಗಿ ಒಂದು ವಿಷಯ. ಇದನ್ನು ಪಾಲಕರು, ಮಾಸ್ತರುಗಳು ಇಬ್ಬರೂ ಗಮನಿಸಬೇಕು. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಉಳಿದವರು ಅದೇ ವರ್ಷ ಮುಂದಿನದನ್ನು ಬರೆಯಬಹುದು. ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಆದರೆ ಪರೀಕ್ಷೆ-1 ಮುಗಿಯುತ್ತಲೇ ಎಷ್ಟೋ ಮನೆಗಳು ಬಾಗಿಲಿಗೆ ಬೀಗ ಹಾಕಿ ಬೆಂಗಳೂರು, ಮುಂಬೈ, ಪುಣೆಗೆ ದುಡಿಯಲು ಗುಳೆ ಹೋಗುತ್ತವೆ. ಫಲಿತಾಂಶ ಬರುವಾಗ ಹುಡುಗ ಯಾವುದೋ ಕಟ್ಟಡದ ಪಕ್ಕದ ಶೆಡ್ಡಿನಲ್ಲಿರುತ್ತಾನೆ. ಗಣಿತವೊಂದರಲ್ಲಿ ಉಳಿದದ್ದು ಗೊತ್ತಾದರೂ, ಮುಂದಿನ ಪರೀಕ್ಷೆಗೆ ಹೆಸರು ಕೊಡುವ ದಿನ ಕಳೆದುಹೋಗಿರುತ್ತದೆ. ಅಲ್ಲಿಗೆ ಅವನ ಸಾಲಿಯೂ ಮುಗಿಯುತ್ತದೆ.

ಇದಕ್ಕೆ ನಾವು ಮಾಡಿಕೊಂಡಿರುವ ವ್ಯವಸ್ಥೆ ಸರಳ. ಹಾಲ್ ಟಿಕೆಟ್ ಕೊಡುವ ದಿನವೇ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಮೂರು ಫೋನ್ ನಂಬರು ಬರೆದುಕೊಳ್ಳುತ್ತೇವೆ. ಅಪ್ಪನದು, ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯದು, ಊರಲ್ಲೇ ಉಳಿಯುವ ಕಾಕಾನದೋ ಪಕ್ಕದ ಮನೆಯವರದೋ ಒಂದು. ಗಣಿತ, ವಿಜ್ಞಾನದ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನು ಚೀಲಕ್ಕೆ ಹಾಕಿ ಕಳಿಸುತ್ತೇವೆ. ಫಲಿತಾಂಶದ ದಿನ ಸಂಜೆಯೊಳಗೆ ಎಲ್ಲರಿಗೂ ಫೋನು ಹೋಗಬೇಕು, ಉಳಿದವರ ಅರ್ಜಿ ಆ ವಾರವೇ ತುಂಬಬೇಕು. ಮೇಸ್ತ್ರಿಗೆ ನಾನೇ ಮಾತಾಡುತ್ತೇನೆ: "ಸಂಜೀಕ ಒಂದ್ ತಾಸು ಹುಡುಗನ್ನ ಕೆಲಸಕ್ಕ ಕರೀಬ್ಯಾಡ್ರಿ ಅಣ್ಣಾ, ಪರೀಕ್ಷಾ ಅದ." ಒಪ್ಪಿದವರಿದ್ದಾರೆ, ಫೋನು ಇಟ್ಟವರೂ ಇದ್ದಾರೆ. ಇಟ್ಟವರಿಗೆ ಮರುದಿನ ಮತ್ತೆ ಮಾಡುತ್ತೇನೆ. ಪರೀಕ್ಷೆಗೆ ಊರಿಗೆ ಬರುವ ಬಸ್ಸಿನ ಖರ್ಚನ್ನು ಮೊದಲ ವಾರದ ಕೂಲಿಯಲ್ಲೇ ತೆಗೆದಿಡಿ ಎಂದು ಅವ್ವಂದಿರಿಗೆ ಗುಳೆ ಹೊರಡುವ ಮೊದಲೇ ಹೇಳಿರುತ್ತೇವೆ.