ದ್ವೀಪರಾಷ್ಟ್ರದ ಆರೋಗ್ಯರಕ್ಷಣೆ

ಲಕ್ಷದ್ವೀಪಗಳ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ ಮಾಲ್ದೀವ್ಸ್ ಎಂಬ ರಾಷ್ಟ್ರವಿರುವುದು. ಅದರ ಸುಮಾರು 1,200 ಹವಳದ ದ್ವೀಪಗಳಲ್ಲಿ ಜನವಸತಿಯುಳ್ಳವು ಇನ್ನೂರಕ್ಕೂ ಕಡಿಮೆ. ನೆಲದ ಬಹುಭಾಗವು ಕಡಲಮಟ್ಟದಿಂದ ಒಂದು ಮೀಟರಿನಷ್ಟೂ ಎತ್ತರದಲ್ಲಿಲ್ಲ. ಭೂಮಿಯ ತಾಪವೇರಿ ಕಡಲಮಟ್ಟವು ಹೆಚ್ಚುತ್ತಿರುವ ಈ ಕಾಲದಲ್ಲಿ ಇಂತಹ ನಾಡು ತನ್ನ ಜನರ ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬೇಕು? ವಿದ್ಯಾರ್ಥಿಗಳು ಇದನ್ನು ವಿಚಾರಿಸುವುದು ಉಚಿತ.

ಮೊದಲನೆಯದು ನೀರು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ಹವಳದ ನೆಲದಡಿಯಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುವುದು. ಕಡಲು ಒಳನುಗ್ಗಿದರೂ, ಜನರು ಮಿತಿಮೀರಿ ನೀರೆತ್ತಿದರೂ ಆ ಪದರವು ಕೆಡುವುದು. ಬೇಸಗೆಯಲ್ಲಿ ಕಾಸರಗೋಡಿನ ಕಡಲಂಚಿನ ಬಾವಿಗಳು ಉಪ್ಪಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. 2004ರ ಡಿಸೆಂಬರ್ 26ರ ಸುನಾಮಿಯು ಭೂಕಂಪದಿಂದ ಹುಟ್ಟಿದುದೇ ಹೊರತು ಹವೆಯಿಂದಲ್ಲ; ಆದರೂ ಕಡಲು ಉಕ್ಕಿದರೆ ಆಗುವುದೇನೆಂಬುದನ್ನು ಅದು ತೋರಿಸಿತು. ಬಾವಿಗಳು ಉಪ್ಪಾದುವು, ಆಸ್ಪತ್ರೆಗಳೂ ಆರೋಗ್ಯಕೇಂದ್ರಗಳೂ ಹಾನಿಗೊಂಡುವು.

ಕಡಲನೀರನ್ನು ಯಂತ್ರದಿಂದ ಸಿಹಿಮಾಡಬಹುದಲ್ಲವೆ? ರಾಜಧಾನಿ ಮಾಲೆಯ ಜನರು ಕುಡಿಯುವುದು ಅಂತಹ ನೀರನ್ನೇ. ಆದರೆ 2014ರ ಡಿಸೆಂಬರಿನಲ್ಲಿ ಆ ಸ್ಥಾವರಕ್ಕೆ ಬೆಂಕಿ ತಗುಲಿ, ಸುಮಾರು ಒಂದು ಲಕ್ಷ ಜನರು ನೀರಿಗಾಗಿ ಪರಿತಪಿಸಿದರು. ಭಾರತವು ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ನೀರನ್ನು ಕಳುಹಿಸಿಕೊಟ್ಟಿತು. ಒಂದೇ ಆಧಾರವನ್ನು ನಂಬಿರುವುದು ಅಪಾಯಕರವೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ಸೊಳ್ಳೆ. ಮಳೆನೀರನ್ನು ತೊಟ್ಟಿಗಳಲ್ಲಿ ಕೂಡಿಡುವುದು ಅವಶ್ಯಕ. ಆದರೆ ಮುಚ್ಚಳವಿಲ್ಲದ ತೊಟ್ಟಿಯು ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗಳ ತವರಾಗುವುದು. ಸೆಕೆ ಹೆಚ್ಚಿದಂತೆ ಈ ಸೊಳ್ಳೆಗಳು ಬೇಗನೆ ಬೆಳೆಯುವುವು. ಹೀಗೆ ಒಂದು ಕಷ್ಟಕ್ಕೆ ಮಾಡಿದ ಉಪಾಯವೇ ಇನ್ನೊಂದು ರೋಗಕ್ಕೆ ಕಾರಣವಾಗದಂತೆ ಎಚ್ಚರವಹಿಸಬೇಕು.

ಮೂರನೆಯದು ದೂರ. ಚಿಕ್ಕ ದ್ವೀಪದ ಕಠಿಣ ರೋಗಿಯನ್ನು ದೋಣಿಯಲ್ಲಿಯೋ ವಿಮಾನದಲ್ಲಿಯೋ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬಿರುಗಾಳಿಯೆದ್ದ ದಿನ ಅದೂ ಸಾಧ್ಯವಿಲ್ಲ. ಆದಕಾರಣ ಪ್ರತಿಯೊಂದು ಆರೋಗ್ಯಕೇಂದ್ರವೂ ಕೆಲವು ದಿನಗಳ ಕಾಲ ತನ್ನ ಕಾಲಮೇಲೆ ತಾನೇ ನಿಲ್ಲುವಂತಿರಬೇಕು. ಎತ್ತರಿಸಿದ ನೆಲಗಟ್ಟು, ಬಿಸಿಲಿನಿಂದ ಪಡೆದ ವಿದ್ಯುತ್ತು, ಮುಚ್ಚಿದ ನೀರಿನ ತೊಟ್ಟಿ, ಔಷಧಿಗಳ ಸಂಗ್ರಹ, ತರಬೇತಿ ಹೊಂದಿದ ದಾದಿಯರು, ಹವಾಮಾನ ಇಲಾಖೆಯ ಮುನ್ಸೂಚನೆ ಇವೆಲ್ಲವೂ ಮೊದಲೇ ಸಿದ್ಧವಿರಬೇಕು. 2017ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಿಭಾಗದ ರಾಷ್ಟ್ರಗಳು ಮಾಲೆಯಲ್ಲಿಯೇ ಕೂಡಿ, ಹವಾಮಾನದ ಬದಲಾವಣೆಯನ್ನು ಎದುರಿಸಬಲ್ಲ ಆರೋಗ್ಯವ್ಯವಸ್ಥೆಯನ್ನು ಕಟ್ಟುವೆವೆಂದು ಘೋಷಿಸಿದುವು. ಭಾರತವೂ ಆ ವಿಭಾಗದ ಸದಸ್ಯರಾಷ್ಟ್ರ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ನಮ್ಮ ಹಿರಿಯರ ಮಾತು. ಜಗತ್ತಿನ ಹೊಗೆಯಲ್ಲಿ ಆ ದ್ವೀಪವಾಸಿಗಳ ಪಾಲು ಅತ್ಯಲ್ಪ; ಆದರೆ ಕಷ್ಟವು ಮೊದಲು ಮುಟ್ಟುವುದು ಅವರನ್ನೇ. ಅದೇ ಕಡಲು ನಮ್ಮ ದಡಕ್ಕೂ ಬಡಿಯುತ್ತಿರುವುದನ್ನು ತಾಯ್ತಂದೆಗಳೂ ಮಕ್ಕಳೂ ಮರೆಯಬಾರದು.

ಅಭ್ಯಾಸ

1. ದ್ವೀಪದ ಬಾವಿಗಳು ಉಪ್ಪಾಗುವುದಕ್ಕೆ ಎರಡು ಕಾರಣಗಳನ್ನು ಹೇಳಿರಿ.
2. ನಿಮ್ಮ ಮನೆಯ ಸುತ್ತ ನೀರು ನಿಲ್ಲುವ ಸ್ಥಳಗಳನ್ನು ಪಟ್ಟಿಮಾಡಿರಿ.